ಬೋಕಿಯಿಂದ ಹುಟ್ಟಿದ ಕುಂಭ: ಮೆಕ್ಸಿಕೊದ ಮಾತಾ ಓರ್ತಿಸ್ ಗ್ರಾಮದ ಚಿತ್ರಕಲಶಗಳು

ತರ್ಕಶಾಸ್ತ್ರದ ಮೊದಲ ಮೆಟ್ಟಿಲನ್ನು ಹತ್ತಿದ ವಿದ್ಯಾರ್ಥಿಗೆ ‘ಘಟ’ವೆಂಬ ಶಬ್ದವು ತನ್ನ ಮನೆತನದ ಹೆಸರಿನಷ್ಟೇ ಪರಿಚಿತವಾದುದು. ಕಾರ್ಯವೆಂದರೇನು, ಕಾರಣವೆಂದರೇನು ಎಂಬುದನ್ನು ತಿಳಿಸಲು ನಮ್ಮ ಶಾಸ್ತ್ರಕಾರರು ಹಿಡಿದ ನಿದರ್ಶನಗಳಲ್ಲಿ ಗಡಿಗೆಗೆ ಅಗ್ರಸ್ಥಾನವಿದೆ. ಗಡಿಗೆಯ ಹೋಳುಗಳಾದ ಕಪಾಲಗಳು ಸಮವಾಯಿಕಾರಣ. ಅವುಗಳ ಸಂಯೋಗವು ಅಸಮವಾಯಿಕಾರಣ. ಕುಂಬಾರ, ಅವನ ಚಕ್ರ, ಚಕ್ರವನ್ನು ತಿರುಗಿಸುವ ದಂಡ, ಇವು ನಿಮಿತ್ತಕಾರಣಗಳು. ಮಣ್ಣನ್ನು ಹೊತ್ತು ತಂದ ಕತ್ತೆ ಮಾತ್ರ ಈ ಪಂಕ್ತಿಗೆ ಸಲ್ಲದು. ಅದು ‘ಅನ್ಯಥಾಸಿದ್ಧ’, ಎಂದರೆ ಅದಿಲ್ಲದೆಯೂ ಕಾರ್ಯವು ನಡೆದೀತು ಎಂದು ಶಾಸ್ತ್ರವು ಅದನ್ನು ಹೊರಗೆ ನಿಲ್ಲಿಸುತ್ತದೆ. ಇದೆಲ್ಲವನ್ನೂ ಈ ಲೇಖಕನು ಬಾಲ್ಯದಲ್ಲಿ ಕಂಠಪಾಠ ಮಾಡಿದವನು. ಮುಂದೆ ಬಹುವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದವನು. ಆದರೆ ಒಂದು ಗಡಿಗೆಯು ಹುಟ್ಟುವುದನ್ನು ಕುಂಬಾರನ ಮನೆಯಂಗಳದಲ್ಲಿ ಕುಳಿತು ನೋಡಿದವನಲ್ಲ.

ಕೆಲವು ಕಾಲದ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಶ್ರೀಮಠದ ಜಾತ್ರೆಗೆಂದು ಊರಿಗೆ ಬಂದಿದ್ದರು. ಅವರು ಅಮೆರಿಕ ಸಂಯುಕ್ತಸಂಸ್ಥಾನದ ದಕ್ಷಿಣದ ಗಡಿನಾಡಿನಲ್ಲಿ ಉದ್ಯೋಗದಲ್ಲಿರುವವರು. ಶಾಲೆಯ ಗ್ರಂಥಾಲಯಕ್ಕೆ ಕಾಣಿಕೆಯಾಗಿ, ಅರಳೆಯಲ್ಲಿ ಸುತ್ತಿ, ಮಗುವನ್ನು ತಂದಂತೆ ಜೋಪಾನವಾಗಿ ಒಂದು ಮಣ್ಣಿನ ಕಲಶವನ್ನು ತಂದಿದ್ದರು. ಕೈಗೆತ್ತಿಕೊಂಡರೆ ಒಣಗಿದ ಸೋರೆಬುರುಡೆಯಷ್ಟು ಹಗುರ. ಕೆನೆಬಣ್ಣದ ಮೈ, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಗಳಲ್ಲಿ ಒಂದನ್ನೊಂದು ಹಿಂಬಾಲಿಸುವ ಹಲ್ಲಿಗಳು, ಅವುಗಳ ನಡುವೆ ಕೆಮ್ಮಣ್ಣಿನ ಬಣ್ಣದ ಸುರುಳಿಗಳು. ಹೊಟ್ಟೆಯ ದುಂಡು ಎಲ್ಲಿಯೂ ಅರಕೆಯಿಲ್ಲದೆ ಪೂರ್ಣಚಂದ್ರನಂತಿತ್ತು. “ಎಂಥ ನುರಿತ ಚಕ್ರವಪ್ಪಾ ಇದು!” ಎಂದೆನು. ಅವರು ನಕ್ಕು, “ಗುರುಗಳೇ, ಇದಕ್ಕೆ ಚಕ್ರವೇ ಇಲ್ಲ. ಇದನ್ನು ಮೊದಲು ಮಾಡಿದವನಿಗೆ ಗುರುವೂ ಇರಲಿಲ್ಲ” ಎಂದರು. ಚಕ್ರವಿಲ್ಲದ ಘಟ, ಗುರುವಿಲ್ಲದ ವಿದ್ಯೆ! ಆ ಎರಡು ಮಾತುಗಳು ಈ ಲೇಖಕನನ್ನು ಬಿಡಲಿಲ್ಲ. ಅವರು ಹೇಳಿದುದನ್ನೂ, ಅನಂತರ ಓದಿ ತಿಳಿದುದನ್ನೂ ಕ್ರಮಪಡಿಸಿ ಈ ಸ್ಮರಣಸಂಚಿಕೆಯ ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಊರು ಮತ್ತು ಅದರ ನೆರೆಯ ಹಾಳುಪಟ್ಟಣ

ಮೆಕ್ಸಿಕೊ ದೇಶದ ಉತ್ತರಭಾಗದಲ್ಲಿ ಚಿವಾವಾ ಎಂಬ ವಿಶಾಲವಾದ ಪ್ರಾಂತವಿದೆ. ಮಳೆ ಕಡಿಮೆ, ಕುರುಚಲು ಕಾಡು, ಬೋಳುಗುಡ್ಡ, ಜಾನುವಾರುಗಳ ಹುಲ್ಲುಗಾವಲು. ಅಲ್ಲಿಯ ಪಲಾಂಗಾನಾಸ್ ಎಂಬ ಕಿರುನದಿಯ ದಂಡೆಯ ಮೇಲಿರುವ ಹಳ್ಳಿಯೇ ಮಾತಾ ಓರ್ತಿಸ್. ‘ಮಾತಾ’ ಎಂಬ ಶಬ್ದವನ್ನು ಕಂಡು ನಮ್ಮವರು ತಾಯಿಯನ್ನು ನೆನೆಯುವುದು ಸಹಜ. ಆದರೆ ಅದು 19ನೆಯ ಶತಮಾನದ ಸೈನಿಕನೊಬ್ಬನ ಹೆಸರಿನ ಭಾಗವೇ ಹೊರತು ನಮ್ಮ ಸಂಸ್ಕೃತ ಶಬ್ದವಲ್ಲ. ಇದಕ್ಕೂ ಮೊದಲು ಉದ್ಯಮಿಯೊಬ್ಬನ ಹೆಸರಿನಿಂದ ಆ ಊರನ್ನು ಪಿಯರ್ಸನ್ ಎಂದು ಕರೆಯುತ್ತಿದ್ದರು. ಮರದ ದಿಮ್ಮಿಗಳ ವ್ಯಾಪಾರ ಮತ್ತು ರೈಲ್ವೆ ಇವೆರಡೇ ಊರಿನ ಜೀವನಾಡಿಯಾಗಿದ್ದವು. ರೈಲು ದುರಸ್ತಿಯ ಕಾರ್ಯಾಗಾರವು ಬೇರೆ ಊರಿಗೆ ಹೋದ ಮೇಲೆ ಜನರಿಗೆ ಕೂಲಿಯೂ ಹೋಯಿತು. ಉಳಿದವರು ಒಣಬೇಸಾಯ, ದನಗಾಹಿತನ, ಇಲ್ಲವೇ ಗಡಿಯಾಚೆಯ ಹೊಲಗಳಲ್ಲಿ ಕೂಲಿ ಮಾಡಿ ದಿನ ನೂಕುತ್ತಿದ್ದರು. 20ನೆಯ ಶತಮಾನದ ನಡುಗಾಲದಲ್ಲಿ ಈ ಊರಿನಲ್ಲಿ ಚಿತ್ರಕಲಶ ಮಾಡುವ ಕುಂಬಾರನೊಬ್ಬನೂ ಇರಲಿಲ್ಲ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಈ ಹಳ್ಳಿಯಿಂದ ಕೆಲವೇ ಹರದಾರಿಗಳ ದೂರದಲ್ಲಿ ಕಾಸಾಸ್ ಗ್ರಾಂದೆಸ್ ಎಂಬ ಊರಿನ ಬಳಿ ಪಾಕಿಮೆ ಎಂಬ ಹಾಳುಪಟ್ಟಣವಿದೆ. ನಮ್ಮಲ್ಲಿ ಹೊಯ್ಸಳರ ವೈಭವವು ಇಳಿದು ವಿಜಯನಗರವು ತಲೆಯೆತ್ತುತ್ತಿದ್ದ ಶತಮಾನಗಳಲ್ಲಿ, ಎಂದರೆ ಸುಮಾರು 1200ರಿಂದ 1450ರವರೆಗೆ, ಅದು ದೊಡ್ಡ ವ್ಯಾಪಾರಕೇಂದ್ರವಾಗಿದ್ದಿತು. ಮಣ್ಣಿನ ದಪ್ಪ ಗೋಡೆಗಳ ಬಹುಅಂತಸ್ತಿನ ಮನೆಗಳು, ಮನೆಮನೆಗೆ ನೀರು ಹರಿಸುವ ಕಾಲುವೆಗಳು, ಚೆಂಡಾಟದ ಅಂಗಣಗಳು ಅಲ್ಲಿ ಇದ್ದವು. ಅರ್ಧ ಭೂಮಿಯಲ್ಲಿ ಹೂತುಹೋಗಿದ್ದ ಆ ಪಟ್ಟಣವನ್ನು 1958ರಿಂದ 1961ರವರೆಗೆ ಚಾರ್ಲ್ಸ್ ಡಿ ಪೇಸೊ ಎಂಬ ಪುರಾತತ್ತ್ವಜ್ಞರು ಅಗೆದು ಶೋಧಿಸಿದರು. 1998ರಲ್ಲಿ ಯುನೆಸ್ಕೊ ಸಂಸ್ಥೆಯು ಪಾಕಿಮೆಯನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಪಾಕಿಮೆಯ ಜನರು ಚಕ್ರವನ್ನು ಅರಿಯದವರು. ಯುರೋಪಿನವರು ಬರುವವರೆಗೆ ಅಮೆರಿಕ ಖಂಡದಲ್ಲಿ ಕುಂಬಾರಚಕ್ರವೇ ಇರಲಿಲ್ಲ. ಆದರೂ ಕೆನೆಬಣ್ಣದ ಮೈಮೇಲೆ ಕೆಂಪು, ಕಪ್ಪು ರೇಖೆಗಳ ಅವರ ಮಡಕೆಗಳು ಆ ಸೀಮೆಯಲ್ಲೆಲ್ಲ ಹೆಸರುವಾಸಿಯಾಗಿದ್ದವು. ಪಟ್ಟಣವು ಬರಿದಾದಾಗ ಮಾಡುವವರು ಹೋದರು, ಮಾಡುವ ಕ್ರಮವೂ ಅವರೊಡನೆ ಅಳಿಯಿತು. ಉಳಿದುವು ಗುಡ್ಡದ ಗವಿಗಳಲ್ಲಿ, ಹೊಲದ ಬದುಗಳಲ್ಲಿ ಚೆಲ್ಲಿದ ಬೋಕಿಗಳು ಮಾತ್ರ. ಐದು ನೂರು ವರ್ಷಗಳ ಕಾಲ ಅವುಗಳನ್ನು ದನಗಳು ತುಳಿದವು, ನೇಗಿಲು ತಿರುವಿತು.

ಮೆಕ್ಸಿಕೊದ ಕುಂಭಕಲೆಯು ಇದೊಂದೇ ಅಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಪ್ಯೂಬ್ಲಾ ನಗರದ ತಾಲವೇರಾ ಎಂಬ ಗಾಜುಹೊಳಪಿನ, ನೀಲಿ ಹೂಬಳ್ಳಿಗಳ ಪಾತ್ರೆಗಳು ಸ್ಪೇನಿನಿಂದ ಬಂದ ಕ್ರಮವನ್ನು ಅನುಸರಿಸಿ ಚಕ್ರದ ಮೇಲೆ ಆಗುವಂಥವು. ಆ ಕಲೆಗೆ 2019ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು. ದಕ್ಷಿಣದ ಓಹಾಕಾ ಸೀಮೆಯ ಕರಿಮಣ್ಣಿನ ಹೂಜಿಗಳು ಇನ್ನೊಂದು ಬಗೆ. ಅಲ್ಲೆಲ್ಲ ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಹರಿದು ಬಂದ ಪರಂಪರೆಯಿದೆ. ಮಾತಾ ಓರ್ತಿಸ್‌ನಲ್ಲಿ ಆ ಎಳೆ ಪೂರ್ತಿಯಾಗಿ ಕಡಿದುಹೋಗಿತ್ತು. ಕಡಿದ ಎಳೆಯನ್ನು ಮತ್ತೆ ಗಂಟು ಹಾಕಿದ ಬಗೆಯೇ ನಮಗೆ ವಿಚಾರಯೋಗ್ಯವಾದುದು.

ಗುರುವಿಲ್ಲದ ವಿದ್ಯೆ

ಹ್ವಾನ್ ಕೆಸಾದಾ ಎಂಬವನು 1940ರಲ್ಲಿ ಹುಟ್ಟಿದನು. ಶಿಶುವಾಗಿದ್ದಾಗಲೇ ತಂದೆತಾಯಿಗಳೊಡನೆ ಮಾತಾ ಓರ್ತಿಸ್‌ಗೆ ಬಂದು ನೆಲೆಸಿದನು. ಬಡತನದ ಮನೆ, ಹುಡುಗನು ಎಳೆಯ ಪ್ರಾಯದಲ್ಲಿಯೇ ಶಾಲೆಯನ್ನು ಬಿಟ್ಟು, ಕತ್ತೆಯನ್ನು ಹೊಡೆದುಕೊಂಡು ಗುಡ್ಡಕ್ಕೆ ಸೌದೆ ತರಲು ಹೋಗುತ್ತಿದ್ದನು. ಅಲ್ಲಿ ಕಾಲಿಗೆ ತಗುಲಿದ ಬೋಕಿಗಳನ್ನು ಹೆಕ್ಕಿ ನೋಡುವುದು ಅವನ ಚಟವಾಯಿತು. ಚೂರುಗಳ ಮೇಲಿನ ಬಣ್ಣ ಐದು ಶತಮಾನಗಳ ಮಳೆಬಿಸಿಲಿಗೂ ಮಾಸಿರಲಿಲ್ಲ. ಇದನ್ನು ಮಾಡಿದವರು ಈ ಮಣ್ಣಿನಿಂದಲೇ ಮಾಡಿರಬೇಕು, ಬಣ್ಣವೂ ಈ ಗುಡ್ಡದಲ್ಲಿಯೇ ಸಿಕ್ಕಿರಬೇಕು. ಅಂದಮೇಲೆ ತನ್ನಿಂದೇಕೆ ಆಗದು ಎಂಬುದು ಆ ಹುಡುಗನ ತರ್ಕ. ಪಂಚಾವಯವ ವಾಕ್ಯವನ್ನು ಓದದವನ ಅನುಮಾನಪ್ರಮಾಣವಿದು! ತರ್ಕಶಾಸ್ತ್ರವು ಅನ್ಯಥಾಸಿದ್ಧವೆಂದು ಹೊರಗೆ ನಿಲ್ಲಿಸಿದ ಕತ್ತೆಯೇ ಇಲ್ಲಿ ಕಾರಣವನ್ನು ಕಾರ್ಯದ ಬಳಿಗೆ ನಡೆಸಿಕೊಂಡು ಹೋಯಿತೆಂದರೆ ಶಾಸ್ತ್ರಜ್ಞರು ಕ್ಷಮಿಸಬೇಕು.

ಮೊದಲು ಅವನು ನದಿದಂಡೆಯ ಜೇಡಿಮಣ್ಣನ್ನು ಶುದ್ಧಗೊಳಿಸಿ ಪಾತ್ರೆ ಮಾಡಿದನು. ಒಣಗುವಾಗಲೇ ಅದು ಬಿರಿಯಿತು. ಮಣ್ಣನ್ನು ಇನ್ನಷ್ಟು ಸೋಸಿದನು, ಇನ್ನಷ್ಟು ಬಿರಿಯಿತು. ಹಲವು ಕಾಲ ಹೀಗೆಯೇ ಕಳೆಯಿತು. ಕೊನೆಗೆ ಅವನು ಬೋಕಿಯ ಚಿತ್ರವಿರುವ ಮುಖವನ್ನು ಬಿಟ್ಟು, ಅದು ಒಡೆದ ಅಂಚನ್ನು ನೋಡಿದನು. ಅಂಚಿನಲ್ಲಿ ಮಣ್ಣಿನೊಳಗೆ ಮರಳಿನಂಥ ಕಣಗಳು ಹುದುಗಿದ್ದವು. ಪುರಾತನರು ಮಣ್ಣಿಗೆ ಬೇರೊಂದು ವಸ್ತುವನ್ನು ಬೆರೆಸಿದ್ದರು. ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ; ಕುಗ್ಗುವಿಕೆಯು ಹೆಚ್ಚಾದರೆ ಬಿರಿಯುತ್ತದೆ. ಕುಗ್ಗದ ಕಣಗಳು ನಡುವೆ ಇದ್ದರೆ ಆ ಎಳೆತವು ತಗ್ಗುತ್ತದೆ. ಬೆಂಕಿಗೆ ಹಾಕಿದಾಗ ಒಳಗಿನ ಆವಿಯು ಹೊರಬರಲು ದಾರಿಯೂ ಆಗುತ್ತದೆ. ಪೂರ್ಣವಾದ ಮಡಕೆಯೊಂದು ಸಿಕ್ಕಿದ್ದರೆ ಅದು ತನ್ನ ಗುಟ್ಟನ್ನು ಮುಚ್ಚಿಕೊಂಡೇ ಇರುತ್ತಿತ್ತು. ಒಡೆದುದರಿಂದಲೇ ಅದು ಪಾಠ ಹೇಳಿತು. ಕಪಾಲವು ಘಟಕ್ಕೆ ಸಮವಾಯಿಕಾರಣವೆಂಬ ಶಾಸ್ತ್ರವಾಕ್ಯಕ್ಕೆ ಹೀಗೂ ಒಂದು ಅರ್ಥವುಂಟೆಂಬುದು ಈ ಲೇಖಕನಿಗೆ ಹೊಳೆದುದು ಆಗಲೇ.

ಬಣ್ಣಗಳ ಶೋಧವೂ ಹೀಗೆಯೇ ನಡೆಯಿತು. ಕಪ್ಪಿಗೆ ಮ್ಯಾಂಗನೀಸಿನ ಕಲ್ಲು, ಕೆಂಪಿಗೆ ಕಬ್ಬಿಣದಂಶದ ಮಣ್ಣು ಗುಡ್ಡಗಳಲ್ಲಿ ದೊರೆತವು. ಅಚ್ಚಬಿಳಿಯ ಮಣ್ಣನ್ನು ತೋರಿಸಿಕೊಟ್ಟವು ಇರುವೆಗಳೆಂದು ಹೇಳುತ್ತಾರೆ. ಅವು ತಮ್ಮ ಗೂಡಿನಿಂದ ಬಿಳಿಯ ಕಣಗಳನ್ನು ಹೊತ್ತು ಹೊರಹಾಕುತ್ತಿದ್ದುದನ್ನು ಕಂಡು, ಆ ಸ್ಥಳದಲ್ಲಿ ಅಗೆದಾಗ ಸೇಡಿಯಂಥ ಮಣ್ಣಿನ ಪದರವು ಸಿಕ್ಕಿತಂತೆ. ಕೂಲಿ ಮಾಡುತ್ತ, ರೈಲ್ವೆಯಲ್ಲಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಇದೆಲ್ಲವನ್ನೂ ನಡೆಸಿದ ಅವನಿಗೆ 1970ರ ದಶಕದ ಆರಂಭದ ಹೊತ್ತಿಗೆ ಮೂರು ಬಣ್ಣದ ಪಾತ್ರೆಯು ಕೈವಶವಾಗಿತ್ತು. ಮೊದಲ ಪ್ರಯತ್ನದಿಂದ ಎಣಿಸಿದರೆ ಹದಿನೈದು ವರ್ಷಗಳಿಗೆ ಕಡಿಮೆಯಿಲ್ಲ.

ಕಲಶದ ರಚನಾಕ್ರಮ

ಈಗ ಆ ಊರಿನಲ್ಲಿ ಕಲಶವು ಆಗುವ ಬಗೆಯನ್ನು ಸಂಕ್ಷೇಪವಾಗಿ ವಿವರಿಸಬಹುದು. ಗುಡ್ಡದಿಂದ ತಂದ ಮಣ್ಣನ್ನು ನೀರಿನಲ್ಲಿ ನೆನೆಹಾಕಿ, ಕದಡಿ, ಬಟ್ಟೆಯಲ್ಲಿ ಸೋಸಿ, ಕೆಳಗೆ ಕುಳಿತ ನುಣುಪು ಕೆಸರನ್ನು ಹದಕ್ಕೆ ಬರುವವರೆಗೆ ಆರಿಸುತ್ತಾರೆ. ಅನಂತರ ಹಿಟ್ಟು ನಾದುವಂತೆ ನಾದಿ ಒಳಗಿನ ಗಾಳಿಯನ್ನು ಹೊರಗೆಡಹುತ್ತಾರೆ. ಒಂದು ಉಂಡೆಯನ್ನು ತೆಗೆದುಕೊಂಡು ರೊಟ್ಟಿಯಂತೆ ತಟ್ಟುತ್ತಾರೆ. ಆ ರೊಟ್ಟಿಯನ್ನು ಬಟ್ಟಲಿನಾಕಾರದ ಗಾರೆಯ ಅಚ್ಚಿನೊಳಗೆ ಒತ್ತಿದರೆ ಕಲಶದ ತಳವಾಯಿತು. ಇನ್ನೊಂದು ಉಂಡೆಯನ್ನು ಹೊಸೆದು, ತುದಿಗಳನ್ನು ಕೂಡಿಸಿ, ನಮ್ಮ ಹೆಣ್ಣುಮಕ್ಕಳು ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿಯಂತೆ ಮಾಡಿ ತಳದ ಅಂಚಿನ ಮೇಲೆ ಕೂಡಿಸುತ್ತಾರೆ. ಮುಂದಿನದೆಲ್ಲ ಬೆರಳುಗಳ ಕೆಲಸ. ಅಚ್ಚನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ, ಆ ಒಂದೇ ಸಿಂಬಿಯನ್ನು ಚಿವುಟಿ ಚಿವುಟಿ ಮೇಲಕ್ಕೆಳೆದು ಗೋಡೆಯನ್ನು ಎಬ್ಬಿಸುತ್ತಾರೆ. ಗರಗಸದ ಅಲಗಿನಿಂದ ಹೊರಮೈಯನ್ನು ಹೆರೆದು ತೆಳುಗೊಳಿಸುತ್ತಾರೆ. ಹೆರೆಯುವಾಗ ಕೈ ಒಂದು ಕೂದಲೆಳೆಯಷ್ಟು ತಪ್ಪಿದರೂ ಗೋಡೆಯು ತೂತಾಗುತ್ತದೆ.

ಚೆನ್ನಾಗಿ ಒಣಗಿದ ಪಾತ್ರೆಯನ್ನು ಮರಳುಕಾಗದದಿಂದ ಉಜ್ಜಿ, ತುಸು ಎಣ್ಣೆ ಮತ್ತು ನೀರು ಸವರಿ, ನುಣುಪಾದ ಕಲ್ಲಿನಿಂದ ಗಂಟೆಗಟ್ಟಲೆ ತಿಕ್ಕುತ್ತಾರೆ. ಈ ಕಲಶಗಳ ಹೊಳಪು ಗಾಜಿನ ಲೇಪದಿಂದ ಬಂದುದಲ್ಲ, ತಿಕ್ಕಿದ ಕೈಯಿಂದ ಬಂದುದು. ಲೇಪವಿಲ್ಲದ ಕಾರಣ ಇವುಗಳಲ್ಲಿ ನೀರು ನಿಲ್ಲದೆ ಜಿನುಗುತ್ತದೆ. ಆದುದರಿಂದ ಇವು ಅಲಂಕಾರಕ್ಕೆ ಮಾತ್ರವೇ ಸಲ್ಲುತ್ತವೆ. ನೀರು ತುಂಬಲಾಗಲಿ ಅಡುಗೆಗಾಗಲಿ ಬಾರವು.

ಬಣ್ಣ ಹಾಕುವ ಕುಂಚವು ಇನ್ನೂ ವಿಶೇಷವಾದುದು. ಅಂಗಡಿಯ ಕುಂಚವು ಈ ಕೆಲಸಕ್ಕೆ ಬಾರದು. ಮಕ್ಕಳ ತಲೆಗೂದಲಿನ ಕೆಲವೇ ಎಳೆಗಳನ್ನು ಕಡ್ಡಿಯ ತುದಿಗೆ ಕಟ್ಟಿಕೊಳ್ಳುತ್ತಾರೆ. ಮಗುವಿನ ಕೂದಲು ಮೃದುವಾದುದು, ಸಣ್ಣದು. ಉದ್ದನೆಯ ಆ ಎಳೆಗಳನ್ನು ಬಣ್ಣದಲ್ಲಿ ಅದ್ದಿ, ತುದಿಯಿಂದ ಬರೆಯದೆ ಕೂದಲಿನ ಉದ್ದಕ್ಕೂ ಪಾತ್ರೆಯ ಮೈಮೇಲೆ ಮಲಗಿಸಿ ಎಳೆಯುತ್ತಾರೆ. ಗುರುತಿನ ಗೆರೆಯಿಲ್ಲ, ಅಳತೆಯ ದಾರವಿಲ್ಲ. ಹಾಗಿದ್ದೂ ದುಂಡುಮೈಯನ್ನು ಕಣ್ಣಂದಾಜಿನಿಂದಲೇ ಎರಡು, ಮೂರು ಅಥವಾ ನಾಲ್ಕು ಸಮಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಬರೆದುದನ್ನು ಉಳಿದ ಭಾಗಗಳಲ್ಲಿ ಪುನಃ ಬರೆಯುತ್ತಾರೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ರಂಗವಲ್ಲಿಯ ಎಳೆಯನ್ನು ಬಿಡುವುದನ್ನು ಕಂಡವರಿಗೆ ಈ ಕೌಶಲದ ಕಲ್ಪನೆಯು ಬರಬಹುದು. ಆದರೆ ಅಂಗಳವು ಸಮತಟ್ಟಾದುದು, ಕಲಶವು ಗುಂಡಗಿನದು.

ಕೊನೆಯದು ದಹನ. ನಮ್ಮ ಕುಂಬಾರರ ಆವಿಗೆಯಲ್ಲಿ ನೂರಾರು ಮಡಕೆಗಳು ಒಟ್ಟಿಗೆ ಬೇಯುತ್ತವೆ. ಅಲ್ಲಿ ಬಹುಮಟ್ಟಿಗೆ ಒಂದೊಂದೇ ಕಲಶವನ್ನು ಬಯಲಿನಲ್ಲಿ ಸುಡುವುದು ವಾಡಿಕೆ. ಕಲಶವನ್ನು ನೆಲದಿಂದ ತುಸು ಎತ್ತರಿಸಿಟ್ಟು, ಅದರ ಮೇಲೆ ದೊಡ್ಡದೊಂದು ಪಾತ್ರೆಯನ್ನು ಬೋರಲು ಹಾಕಿ, ಸುತ್ತಲೂ ಹಸುವಿನ ಒಣಸಗಣಿಯನ್ನಾಗಲಿ ಮರದ ತೊಗಟೆಯನ್ನಾಗಲಿ ಒಟ್ಟಿ ಬೆಂಕಿಯಿಡುತ್ತಾರೆ. ಬಯಲಿನಲ್ಲಿ ಹುಲ್ಲು ಮೇಯ್ದ ಹಸುವಿನ ಸಗಣಿಯೇ ಶ್ರೇಷ್ಠವೆಂದು ಅವರ ಅನುಭವ. ಗಾಳಿಯಾಡದಂತೆ ಸುತ್ತಲೂ ಮಣ್ಣು ಮುಚ್ಚಿ, ಒಳಗೆ ಹೊಗೆಯಾಗುವಂತೆ ಮಾಡಿದರೆ ಕೆನೆಬಣ್ಣಕ್ಕೆ ಬದಲಾಗಿ ಕಾಡಿಗೆಯಂಥ ಕಪ್ಪು ಕಲಶವು ಹೊರಬರುತ್ತದೆ. ಗಂಟೆಯೊಳಗೆ ಎಲ್ಲವೂ ನಿರ್ಣಯವಾಗುತ್ತದೆ. ತಿಂಗಳುಗಟ್ಟಲೆ ದುಡಿದುದು ಟಪ್ಪೆಂಬ ಒಂದು ಸಪ್ಪಳದಲ್ಲಿ ಸೀಳಿಹೋಗುವುದುಂಟು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ನಮ್ಮ ಗಾದೆಯಲ್ಲಿ ದೊಣ್ಣೆಯ ಸ್ಥಾನಕ್ಕೆ ಬೆಂಕಿಯನ್ನು ಇಟ್ಟರೆ ಅಲ್ಲಿಯವರ ಬಾಳಿಗೂ ಅದು ಒಪ್ಪುತ್ತದೆ.

ಮೈಮೇಲೆ ಮೂಡಿದ ನಿಸರ್ಗ

ಪಾಕಿಮೆಯ ಪ್ರಾಚೀನ ಪಾತ್ರೆಗಳಲ್ಲಿ ಮೆಟ್ಟಿಲಿನಾಕಾರ, ಸುರುಳಿ, ಚೌಕುಳಿಗಳ ನಡುವೆ ಎರಡು ಜೀವಿಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು ಗರಿಮುಡಿದ ಸರ್ಪ. ಇನ್ನೊಂದು ಮಕಾವ್ ಎಂಬ ಉದ್ದಬಾಲದ ದೊಡ್ಡ ಗಿಳಿ. ಕೆಂಪು ಮಕಾವ್ ಆ ಒಣನಾಡಿನ ಹಕ್ಕಿಯೇ ಅಲ್ಲ. ಬಹುದೂರದ ದಕ್ಷಿಣದ ಮಳೆಕಾಡುಗಳದು. ಅದನ್ನು ತರಿಸಿ, ಮಣ್ಣಿನ ಗೂಡುಗಳನ್ನು ಕಟ್ಟಿ, ಕಲ್ಲಿನ ದುಂಡು ಬಾಗಿಲುಗಳನ್ನಿಟ್ಟು ಪಾಕಿಮೆಯ ಜನರು ಸಾಕುತ್ತಿದ್ದರು. ಉತ್ಖನನದಲ್ಲಿ 300ಕ್ಕೂ ಹೆಚ್ಚು ಮಕಾವ್‌ಗಳ ಎಲುಬುಗೂಡುಗಳು ದೊರೆತಿವೆ. ಮಡಕೆಯ ಮೇಲಿನ ಗಿಳಿಯು ಅವರಿಗೆ ಬರಿಯ ಅಲಂಕಾರವಾಗಿರಲಿಲ್ಲ, ಪೂಜ್ಯಭಾವದಿಂದ ಸಾಕಿದ ಪ್ರಾಣಿಯಾಗಿದ್ದಿತೆಂದು ವಿದ್ವಾಂಸರು ಊಹಿಸುತ್ತಾರೆ.

ಹ್ವಾನ್ ಕೆಸಾದಾ ಮೊದಲು ಬೋಕಿಗಳ ಮೇಲಿನ ಚಿತ್ರಗಳನ್ನೇ ಅನುಸರಿಸಿದನು. ಆದರೆ ಬಹುಬೇಗನೆ ಅನುಕರಣೆಯನ್ನು ಬಿಟ್ಟನು. ಹಳೆಯ ಮಡಕೆಗಳಲ್ಲಿ ಚಿತ್ರವು ಅಡ್ಡಪಟ್ಟಿಗಳ ನಡುವೆ ಕಟ್ಟುಬಿದ್ದಿರುತ್ತಿತ್ತು. ಅವನು ಆ ಪಟ್ಟಿಗಳನ್ನು ತೆಗೆದುಹಾಕಿ, ರೇಖೆಗಳು ಕಂಠದಿಂದ ಹೊರಟು ಹೊಟ್ಟೆಯನ್ನು ಓರೆಯಾಗಿ ಸುತ್ತಿ ತಳದವರೆಗೆ ಹರಿಯುವಂತೆ ಮಾಡಿದನು. ಅವನ ಕಲಶವನ್ನು ತಿರುಗಿಸುತ್ತ ಹೋದರೆ ಚಿತ್ರಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಅವನ ಬಳಿಕ ಬಂದವರು ತಮ್ಮ ಕಣ್ಣಿಗೆ ದಿನವೂ ಬೀಳುವ ಜೀವಿಗಳನ್ನು ತಂದರು. ಬಂಡೆಯ ಮೇಲಿನ ಹಲ್ಲಿ, ಕುರುಚಲಿನ ಮೊಲ, ಹಾವು, ಮೀನು, ಚಿಟ್ಟೆ, ಗೂಬೆ, ಜಿಂಕೆ, ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತ ಝೇಂಕಾರದ ಹಕ್ಕಿ, ಇವೆಲ್ಲ ಕಲಶದ ಮೈಗೆ ಬಂದವು. ಕೆಲವರು ಬಣ್ಣದ ಬದಲು ಮೇಲಿನ ಪದರವನ್ನು ಸೂಜಿಯಂಥ ಮೊನೆಯಿಂದ ಕೆರೆದು, ಒಳಗಿನ ಬಣ್ಣವನ್ನು ತೋರಿಸಿ ಪ್ರಾಣಿಗಳ ರೋಮರೋಮವನ್ನೂ ಬಿಡಿಸುತ್ತಾರೆ.

ಅಲ್ಲಿಯ ಕಲಶದಲ್ಲಿ ಹಿನ್ನೆಲೆಯೆಂಬುದಿಲ್ಲ ಎಂಬುದನ್ನು ಈ ಲೇಖಕನು ನಮ್ಮ ಗ್ರಂಥಾಲಯದ ಕಲಶವನ್ನು ಬಹುಕಾಲ ನೋಡಿ ಕಂಡುಕೊಂಡನು. ಹಲ್ಲಿ ಮತ್ತು ಹಲ್ಲಿಯ ನಡುವಣ ಬರಿಯ ಜಾಗವೂ ಮತ್ತೊಂದು ಹಲ್ಲಿಯಾಗಿ ಕಾಣುತ್ತದೆ. ಬರೆದುದು ಯಾವುದು, ಬಿಟ್ಟುದು ಯಾವುದು ಎಂದು ಕಣ್ಣು ನಿರ್ಣಯಿಸಲಾರದು. ಒಣನೆಲದ ಜನರಿಗೆ ಬರಿದಾದ ಜಾಗವೂ ಬರಿದಲ್ಲವೆಂಬ ಅರಿವು ಇರುವುದು ಸಹಜವೇ.

ಕೊಂಡವನು, ಕೊಟ್ಟವನು, ಹಂಚಿದವನು

ಈ ಕಲೆಯು ಒಬ್ಬನ ಮನೆಯಲ್ಲಿಯೇ ಮುಗಿದುಹೋಗುವ ಸಂಭವವೂ ಇದ್ದಿತು. ಮೊದಲಲ್ಲಿ ಅವನ ಪಾತ್ರೆಗಳನ್ನು ಅಗ್ಗಕ್ಕೆ ಕೊಂಡ ಕೆಲವು ವರ್ತಕರು ಅವುಗಳಿಗೆ ಹಳತನದ ಬಣ್ಣ ಕೊಟ್ಟು, ಪಾಕಿಮೆಯ ನೆಲದಲ್ಲಿ ಸಿಕ್ಕ ಪುರಾತನ ವಸ್ತುಗಳೆಂದು ಮಾರಿದ್ದುಂಟು. ಮಾಡಿದವನ ಹೆಸರು ತಳದಲ್ಲಿ ಇರಲಿಲ್ಲ. ಸತ್ತವರ ಹೆಸರಿನಲ್ಲಿ ಬದುಕಿರುವವನ ಶ್ರಮವು ಮಾರಾಟವಾಗುತ್ತಿತ್ತು.

1976ರಲ್ಲಿ ಸ್ಪೆನ್ಸರ್ ಮೆಕ್ಕಾಲಮ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ನ್ಯೂ ಮೆಕ್ಸಿಕೊದ ಡೆಮಿಂಗ್ ಎಂಬ ಊರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಮೂರು ಕಲಶಗಳನ್ನು ಕಂಡರು. ಮಾಡಿದವರು ಯಾರೆಂದು ಅಂಗಡಿಯವರಿಗೆ ತಿಳಿದಿರಲಿಲ್ಲ. ಅವರು ಕೊಂಡು ಸುಮ್ಮನಾಗಲಿಲ್ಲ. ಕಲಶಗಳ ಭಾವಚಿತ್ರವನ್ನು ಹಿಡಿದುಕೊಂಡು ಗಡಿಯನ್ನು ದಾಟಿ, ಹಳ್ಳಿಹಳ್ಳಿಯಲ್ಲಿ ಕೇಳುತ್ತ ಹೋಗಿ ಕೊನೆಗೆ ಹ್ವಾನ್ ಕೆಸಾದಾನ ಮನೆಯ ಬಾಗಿಲಿಗೆ ಬಂದರು. ಅನಂತರ ಕೆಲವು ವರ್ಷಗಳ ಕಾಲ ಅವನಿಗೆ ತಿಂಗಳು ತಿಂಗಳಿಗೆ ನಿಶ್ಚಿತವಾದ ಹಣವನ್ನು ಕೊಟ್ಟರು. ಇಷ್ಟು ಕಲಶಗಳನ್ನು ಕೊಡಬೇಕೆಂಬ ನಿರ್ಬಂಧವಿರಲಿಲ್ಲ. ಮಾರುಕಟ್ಟೆಯ ಅವಸರವಿಲ್ಲದೆ, ತನಗೆ ತೋರಿದಂತೆ, ತನ್ನಿಂದಾಗುವಷ್ಟು ಉತ್ತಮವಾಗಿ ಮಾಡುವುದೇ ಅವನ ಕೆಲಸವಾಗಿದ್ದಿತು. ಕಲಶದ ತಳದಲ್ಲಿ ಮಾಡಿದವರ ಹೆಸರನ್ನು ಬರೆಯುವ ರೂಢಿಯೂ ಬೆಳೆಯಿತು. ಗಂಡ ಆಕಾರ ಕೊಟ್ಟು ಹೆಂಡತಿ ಚಿತ್ರ ಬರೆದಲ್ಲಿ ಇಬ್ಬರ ಹೆಸರೂ ಇರುವುದುಂಟು. ನಮ್ಮ ವಚನಕಾರರು ಅಂಕಿತದಲ್ಲಿ ಇಷ್ಟದೈವದ ಹೆಸರನ್ನಿಟ್ಟು ತಮ್ಮನ್ನು ಮರೆಸಿಕೊಂಡರು. ಅದು ಅಹಂಕಾರವನ್ನು ತಾವಾಗಿ ನೀಗಿದವರ ಮಾತು. ಬಡವನ ಹೆಸರನ್ನು ಬೇರೆಯವರು ಅಳಿಸುವುದು ಬೇರೆಯ ಮಾತು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹ್ವಾನ್ ಕೆಸಾದಾ ಹದಿನೈದು ವರ್ಷಗಳ ಪರಿಶ್ರಮದಿಂದ ಪಡೆದುದನ್ನು ಬಚ್ಚಿಟ್ಟುಕೊಳ್ಳಬಹುದಾಗಿದ್ದಿತು. ಬಚ್ಚಿಡಲಿಲ್ಲ. ತಮ್ಮಂದಿರಿಗೆ, ತಂಗಿಯರಿಗೆ, ಮಕ್ಕಳಿಗೆ, ಕೇಳಿಬಂದ ನೆರೆಯವರಿಗೆ ಕಲಿಸಿದನು. ಅವನ ತಂಗಿ ಲಿಡಿಯಾ ಕಪ್ಪಿನ ಮೇಲೆ ಕಪ್ಪು ಚಿತ್ರದ ಕಲಶಗಳಿಂದ ಪ್ರಸಿದ್ಧಳಾದಳು. ಊರಿನ ಇನ್ನೊಂದು ಕೇರಿಯಲ್ಲಿ ಓರ್ತಿಸ್ ಮನೆತನದ ಸೋದರರು ತಮ್ಮದೇ ಬಗೆಯನ್ನು ಕಟ್ಟಿದರು. ಒಬ್ಬನೂ ಕುಂಬಾರನಿಲ್ಲದ ಊರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಈ ಕಾಯಕದಿಂದ ಅನ್ನ ಕಾಣುವಂತಾಯಿತು. ಮಣ್ಣುಗೋಡೆಯ ಮನೆಗಳಿಗೆ ಹೊಸ ಛಾವಣಿಗಳು ಬಂದವು. ಕೂಲಿಗಾಗಿ ಗಡಿ ದಾಟಿದ್ದ ಕೆಲವರು ಮರಳಿದರು. 1999ರಲ್ಲಿ ಮೆಕ್ಸಿಕೊ ಸರ್ಕಾರವು ಹ್ವಾನ್ ಕೆಸಾದಾನಿಗೆ ವಿಜ್ಞಾನ ಮತ್ತು ಕಲೆಗಳ ರಾಷ್ಟ್ರೀಯ ಪ್ರಶಸ್ತಿಯನ್ನು ಕೊಟ್ಟಿತು. ಎಳೆಯ ಪ್ರಾಯದಲ್ಲಿ ಶಾಲೆ ಬಿಟ್ಟವನಿಗೆ ದೇಶದ ಅತ್ಯುನ್ನತ ವಿದ್ವತ್ಸಭೆಯಲ್ಲಿ ಆಸನ!

ಎಲ್ಲವೂ ಸುಖಾಂತವಾಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. 2008ರ ಬಳಿಕ ಗಡಿಪ್ರಾಂತದಲ್ಲಿ ಮಾದಕದ್ರವ್ಯದ ಗುಂಪುಗಳ ಹಿಂಸೆಯು ಹೆಚ್ಚಿ, ಕೊಳ್ಳಲು ಬರುತ್ತಿದ್ದ ಪ್ರವಾಸಿಗರು ಬಹಳ ಕಡಿಮೆಯಾದರು. ಕಲಶವನ್ನೇ ನೆಚ್ಚಿದ ಮನೆಗಳು ಕಷ್ಟವನ್ನು ಕಂಡವು. ಕೆಲವರು ಬೇರೆ ಕೆಲಸಕ್ಕೆ ತಿರುಗಿದರು. ಮೆಕ್ಕಾಲಮ್ ಅವರು 2020ರಲ್ಲಿ, ಹ್ವಾನ್ ಕೆಸಾದಾ 2022ರಲ್ಲಿ ಕಾಲವಶರಾದರು. ಆದರೆ ವಿದ್ಯೆಯು ಒಬ್ಬನಲ್ಲಿ ನಿಲ್ಲದೆ ನೂರಾರು ಕೈಗಳಿಗೆ ಹರಿದಿದ್ದರಿಂದ ಅವರೊಡನೆ ಅದು ಹೋಗಲಿಲ್ಲ. ಪಾಕಿಮೆಯಲ್ಲಿ ಒಮ್ಮೆ ಕಡಿದ ಎಳೆಯು ಎರಡನೆಯ ಸಲ ಕಡಿಯಲಿಲ್ಲ.

ಒಂದು ಋಣ

ಇಷ್ಟನ್ನು ಬರೆದ ಮೇಲೆ ಈ ಲೇಖಕನು ತನ್ನದೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಲೇಖನವು ಅಪೂರ್ಣವಾಗುತ್ತದೆ. ಬಹಳ ವರ್ಷಗಳ ಹಿಂದೆ, ಹೊಸದಾಗಿ ಅಧ್ಯಾಪಕನಾದ ಹುರುಪಿನಲ್ಲಿ, ಒಂದು ತರಗತಿಯಲ್ಲಿ ಘ‌ಟದ ನಿದರ್ಶನವನ್ನು ವಿವರಿಸುತ್ತಿದ್ದೆನು. ಕೊನೆಯ ಸಾಲಿನಿಂದ ಕುಂಬಾರರ ಹುಡುಗನೊಬ್ಬನು ಎದ್ದು ನಿಂತು, “ಗುರುಗಳ, ಬರೇ ಮಣ್ಣಿಂದ ಗಡಿಗಿ ಆಗೂದಿಲ್ರೀ. ಉಸುಕು ಕೂಡಸಬೇಕ್ರೀ, ಇಲ್ಲಾಂದ್ರ ಸೀಳತೈತ್ರೀ” ಎಂದನು. ತರಗತಿಯು ನಕ್ಕಿತು. ನಾನೂ ನಕ್ಕು, “ಅದು ಗ್ರಂಥದಲ್ಲಿಲ್ಲ, ಕೂಡು” ಎಂದೆನು. ಅವನು ಕುಳಿತನು. ಆ ವರ್ಷ ಮುಗಿಯುವ ಮೊದಲೇ ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದನು. ಅದಕ್ಕೆ ಮನೆಯ ಬಡತನವೂ ಕಾರಣವಿದ್ದೀತು. ನನ್ನ ಆ ನಗೆಯು ಕಾರಣವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಹ್ವಾನ್ ಕೆಸಾದಾ ಹಲವು ಕಾಲ ತಿಣುಕಿ ಬೋಕಿಯ ಅಂಚಿನಲ್ಲಿ ಕಂಡುಕೊಂಡ ಸತ್ಯವನ್ನು ಆ ಹುಡುಗನು ಹನ್ನೆರಡನೆಯ ವಯಸ್ಸಿನಲ್ಲಿ ತನ್ನ ತಂದೆಯ ಕೈಯಿಂದ ಕಲಿತು ನನ್ನ ಮುಂದೆ ಇಟ್ಟಿದ್ದನು. ಪಂಡಿತನಾದ ನಾನು ಅದನ್ನು ಗ್ರಂಥಕ್ಕೆ ಸಲ್ಲದ ಕತ್ತೆಯಂತೆ ಹೊರಗೆ ನಿಲ್ಲಿಸಿದೆನು.

ಕುಂಬಾರ ಗುಂಡಯ್ಯನು ಗಡಿಗೆಯನ್ನು ತಟ್ಟಿದ ನಾದಕ್ಕೆ ಶಿವನು ಕುಣಿದನೆಂದು ಹರಿಹರ ಮಹಾಕವಿಯು ರಗಳೆಯಲ್ಲಿ ಹಾಡಿರುವುದನ್ನು ನಾವು ವರ್ಷವರ್ಷವೂ ಪಾಠ ಹೇಳುತ್ತೇವೆ. ಕಾಯಕವನ್ನು ಶಿವನಿಗೇ ಮುಟ್ಟಿಸಿದ ಶರಣರ ನೆರಳಿನಲ್ಲಿ ನಮ್ಮ ಶಾಲೆಯು ಬೆಳೆದಿದೆ. ಅಂಥ ಶಾಲೆಯಲ್ಲಿ ಕೈಗೆ ಮಣ್ಣಂಟಿದ ಮಗುವಿನ ಮಾತಿಗೆ ಅಧ್ಯಾಪಕರು ಕಿವಿಗೊಡಬೇಕು. ಇದು ಮೊದಲು ನನಗೆ ನಾನೇ ಹೇಳಿಕೊಳ್ಳುವ ಮಾತು. ಹಳೆಯ ವಿದ್ಯಾರ್ಥಿಗಳು ತಾವು ಎಲ್ಲಿಯೇ ಇರಲಿ, ಅಲ್ಲಿಯ ಶ್ರಮಜೀವಿಗಳ ವಿದ್ಯೆಯನ್ನು ಈ ಕಲಶದಂತೆ ಹೊತ್ತು ತಂದು ಇಲ್ಲಿಯ ಮಕ್ಕಳಿಗೆ ತೋರಿಸಲಿ. ದಾನಿಗಳು ಕಟ್ಟಡಕ್ಕೆ ಕೊಟ್ಟಂತೆಯೇ, ಬಡತನದಿಂದ ಶಾಲೆ ಬಿಡುವ ಅಂಚಿನಲ್ಲಿರುವ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ, ತಿಂಗಳಿಗೆ ಇಷ್ಟೆಂದು, ಪ್ರತಿಫಲದ ಎಣಿಕೆಯಿಲ್ಲದೆ ಕೊಡಲಿ. ಯಾವ ಬೋಕಿಯಲ್ಲಿ ಯಾವ ಪೂರ್ಣಕುಂಭವು ಅಡಗಿದೆಯೋ ಬಲ್ಲವರಾರು?

ಆ ಕಲಶವು ಈಗ ನಮ್ಮ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿದೆ. ಅದರ ಪಕ್ಕದಲ್ಲಿ ನಮ್ಮೂರ ಕುಂಬಾರರ ಕೈಯ ಒಂದು ಗಡಿಗೆಯನ್ನೂ ಇಡಬೇಕೆಂದು, ಅದರ ಕೆಳಗೆ ಮಾಡಿದವರ ಹೆಸರನ್ನು ಬರೆಯಬೇಕೆಂದು ಈ ಲೇಖಕನು ಆಡಳಿತಮಂಡಳಿಯವರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸಿಕೊಂಡಿದ್ದಾನೆ. ಪೂಜ್ಯ ಶ್ರೀಗಳವರು ಅದಕ್ಕೆ ಒಪ್ಪಿಗೆಯಿತ್ತು ಆಶೀರ್ವದಿಸಿದ್ದಾರೆ. ಆ ಗಡಿಗೆಯನ್ನು ತರಲು ಈ ಸಲ ಕುಂಬಾರರ ಓಣಿಗೆ ನಾನೇ ಹೋಗುವವನಿದ್ದೇನೆ. ಹೋದವನು ಕುಳಿತು, ಅದು ಹುಟ್ಟುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿಯೇ ಬರುವವನಿದ್ದೇನೆ.